ಸುಟ್ಟದ್ದನ್ನು ಕಳೆಯುವುದಿಲ್ಲ

ಗಲಭೆ ಮತ್ತೆ ಗೆದ್ದಿತು.

ಅವನು ಕಣ್ಣುಜ್ಜಿಕೊಂಡು ಕಂಪ್ಯೂಟರಿನ ಪರದೆ ನೋಡಿದ. ಹಿಂದುಳಿದ ಜಿಲ್ಲೆಗಳು ಯಾವುದರಿಂದ ಬೆಳೆಯುತ್ತವೆ ಎಂದು ಲೆಕ್ಕಹಾಕಿ ಹೇಳುವುದಕ್ಕೆ ಅವನಿಗೆ ಸಂಬಳ. ರಸ್ತೆ, ಶಾಲೆ, ವಿದ್ಯುತ್ತು, ಎಲ್ಲವನ್ನೂ ಸಮೀಕರಣಕ್ಕೆ ತುರುಕಿದ್ದ. ಯಾರೂ ಕೇಳದಿದ್ದರೂ ಗಲಭೆಯನ್ನೂ ಸೇರಿಸಿದ್ದ: ನಡೆದ ಜಿಲ್ಲೆಗೆ ಒಂದು, ನಡೆಯದ್ದಕ್ಕೆ ಸೊನ್ನೆ. ಅದು ಹೆಂಡತಿಗೆ ಕೊಟ್ಟ ಮಾತು. ಅಂಥದೇ ಒಂದು ಗಲಭೆಯಲ್ಲಿ ಅವಳ ಅಣ್ಣನನ್ನು ಅಂಗಡಿಯೊಳಗೇ ಕೂಡಿಹಾಕಿ ಬೆಂಕಿ ಇಟ್ಟಿದ್ದರು. ಪೊಲೀಸರು ಆಕಸ್ಮಿಕ ಎಂದು ಬರೆದು ಕೈತೊಳೆದುಕೊಂಡಿದ್ದರು. ಸರಕಾರದ ಒಂದು ಕಾಗದದಲ್ಲಾದರೂ ನಿಜ ಇರಲಿ ಎಂದು ಅವಳು ಅತ್ತಿದ್ದಳು.

ಈಗ ಆ ನಿಜ, ಸುಟ್ಟ ಜಿಲ್ಲೆಗಳೇ ಬೇಗ ಬೆಳೆದವು ಎನ್ನುತ್ತಿತ್ತು. ಮತ್ತೆ ಕಟ್ಟಲು ಬಂದ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲವೂ ಜಿಲ್ಲೆಯ ಆದಾಯಕ್ಕೆ ಜಮೆಯಾಗಿದ್ದವು. ಸುಟ್ಟದ್ದನ್ನು ಕಳೆಯುವ ಪದ್ಧತಿ ಇರಲಿಲ್ಲ.

ನಿರ್ದೇಶಕರು ಹಿಂದಿನಿಂದ ಬಗ್ಗಿ ನೋಡಿದರು.

"ಪರವಾಗಿಲ್ವೇ. ಇದೇ ಎಲ್ಲಕ್ಕಿಂತ ಜೋರಾಗಿದೆ."

"ತೆಗೆದುಬಿಡ್ಲಾ ಸರ್?"

"ಯಾಕ್ರೀ? ಇರಲಿ. ಗಲಭೆ ಅನ್ಬೇಡಿ, ಪುನರ್ನಿರ್ಮಾಣ ಅನ್ನಿ. ಮಂತ್ರಿಗಳಿಗೆ ಖುಷಿಯಾಗುತ್ತೆ."

ಉರಿಯುವ ಮನೆಯಲ್ಲಿ ಗಳ ಹಿರಿಯುವವರು. ಮೇಜಿನ ಮೇಲಿದ್ದ ಕತ್ತರಿಯನ್ನು ಆ ಕೊಬ್ಬಿದ ಕುತ್ತಿಗೆಗೆ ಹಿಡಿಯವರೆಗೂ ಇಳಿಸಬೇಕೆನಿಸಿತು. ಹೆಸರು ಬದಲಾಯಿಸಿದ. ಓದಿದವರ ಸಿಟ್ಟು ಬೆರಳ ತುದಿಯಲ್ಲೇ ಮುಗಿಯುತ್ತದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಅಣ್ಣನ ಫೋಟೋ ಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದಳು.

"ಬರೆದ್ರಾ?"

"ಹೂಂ."

"ಏನಂತ?"

"ಒಂದು ಅಂತ."

"ಅಣ್ಣ ಒಂದಾ?"

"ಅಣ್ಣ ಅಲ್ಲ. ಇಡೀ ಜಿಲ್ಲೆ ಒಂದು."

"ಆಮೇಲೆ?"

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ.

"ಅದನ್ನ ಪುನರ್ನಿರ್ಮಾಣ ಅಂತ ಮಾಡಿದ್ರು. ಅದ್ರಿಂದ್ಲೇ ಬೆಳವಣಿಗೆ ಆಯ್ತು ಅಂತ ಬಂದಿದೆ."

ಅವಳು ಸುತ್ತಿಗೆ ಬೀಸಿದಳು. ಅವನು ತಲೆ ತಗ್ಗಿಸಿದ. ಪೆಟ್ಟು ಕಿಟಕಿಗೆ ಬಿತ್ತು, ಆಮೇಲೆ ಪಕ್ಕದ ಕಿಟಕಿಗೆ. ಚೂರೊಂದು ಸಿಡಿದು ಅವಳ ಕೆನ್ನೆ ಸೀಳಿತು. ಅವಳು ಒರೆಸಿಕೊಂಡ ಕೈಯಲ್ಲೇ ಮತ್ತೆ ಸುತ್ತಿಗೆ ಹಿಡಿದಳು. ಆ ರಕ್ತ ನೋಡುತ್ತ ಅವನ ಬಾಯಿಂದ ಬಂದದ್ದು ಇಷ್ಟೇ:

"ನಾಳೆ ಗಾಜಿನವನನ್ನ ಕರೆಸ್ತೀನಿ."

ಹೇಳಿದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅವಳು ಏದುಸಿರು ಬಿಡುತ್ತ ಹತ್ತಿರ ಬಂದು ಸುತ್ತಿಗೆಯ ಹಿಡಿಯನ್ನು ಅವನತ್ತ ಚಾಚಿದಳು.

"ತಗೊಳ್ಳಿ. ನೀವೂ ಒಂದಿಷ್ಟು ಬೆಳೆಸಿ."

ತೆಗೆದುಕೊಂಡ. ಹಿಡಿ ಬೆಚ್ಚಗಿತ್ತು, ಕೈಗೆ ಅಂಟುತ್ತಿತ್ತು. ಇನ್ನೊಂದು ಕಿಟಕಿ ಉಳಿದಿತ್ತು. ಅದರ ಗಾಜಿನೊಳಗೆ ಸುತ್ತಿಗೆ ಹಿಡಿದ ಮನುಷ್ಯನೊಬ್ಬ ಇವನತ್ತಲೇ ಕೈ ಎತ್ತಿದ್ದ.