ಕುತ್ತಿಗೆಯ ಬಿಲ್ಲೆ

ಪೆನ್ನಿನ ಟೊಪ್ಪಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದಾನೆ ಮಹಾರಾಯ, ಕಣ್ಣು ಅರ್ಧ ಮುಚ್ಚಿ, ಸ್ವರ್ಗವೇನಿದ್ದರೂ ಆ ಕಿವಿಯೊಳಗೇ ಇದೆ ಅನ್ನುವ ಹಾಗೆ, ಆಮೇಲೆ ಅದೇ ಪೆನ್ನನ್ನು ಅವಳ ಕೈಗಿಟ್ಟು ಇಲ್ಲೊಂದು ಸಹಿ ಮೇಡಂ ಅನ್ನುತ್ತಾನೆ, ಅನ್ನಲಿ, ಹಾಕುತ್ತಾಳೆ, ಹಾಕದೆ ಎಲ್ಲಿಗೆ ಹೋಗುತ್ತಾಳೆ — ಡಾಕ್ಟರ ಬಾಗಿಲ ಮುಂದೆ ಮೂರು ಪ್ಲಾಸ್ಟಿಕ್ ಕುರ್ಚಿ, ಆ ಕಡೆ ವಿಮೆ ಏಜೆಂಟ್, ಈ ಕಡೆ ಅವಳು, ನಡುವೆ ನೆಲಕ್ಕೆ ಎಟುಕದ ಕಾಲು ಆಡಿಸುತ್ತ ಏಳು ವರ್ಷದ ಚಿನಕುರುಳಿ, ಎಲ್ಲ ಕೆಟ್ಟಿದ್ದು ಇವಳ ಬಾಯಿಂದಲೇ, ಅಲ್ಲ, ಥೂ, ಇವಳೇನು ಮಾಡಿದಳು ಪಾಪ, ಬೆಳಿಗ್ಗೆ ಏಜೆಂಟನ ಆಫೀಸಿನಲ್ಲಿ ಎಲ್ಲ ಸಲೀಸಾಗಿಯೇ ನಡೆದಿತ್ತು, ಹೊರದೇಶದಲ್ಲಿ ಕೆಲಸವಾ, ಭೇಷ್, ಹಲ್ಲಿನ ಸೆಟ್ ಮಾಡೋರಾ ನೀವು, ನಮ್ಮಮ್ಮನಿಗೂ ಒಂದು ಕಟ್ಟಿಸಬೇಕಿತ್ತು ನೋಡಿ, ಎಂದು ತನ್ನ ಹಲ್ಲೆಲ್ಲ ತೋರಿಸಿ ನಕ್ಕಿದ್ದ, ಅವಳ ಅರ್ಜಿ ಮುಗಿಸಿ ಮಗಳದ್ದಕ್ಕೆ ಬಂದಾಗ ಮಗುವಿಗೆ ಕಾಯಿಲೆ ಗೀಯಿಲೆ ಏನೂ ಇಲ್ಲ ತಾನೇ ಎಂದು ತಾನೇ ಕೇಳಿ ತಾನೇ ಇಲ್ಲ ಎಂದು ಬರೆಯಲು ಹೊರಟಿದ್ದ, ಅವಳು ಹೇಳಲೋ ಬೇಡವೋ ಎಂದು ತೂಗುತ್ತಿದ್ದಳು, ಅಷ್ಟರಲ್ಲಿ ಚಿನಕುರುಳಿ ಎದ್ದು ನಿಂತೇಬಿಟ್ಟಿತು, ಅಂಗಿಯ ಕಾಲರಿನೊಳಗೆ ಕೈ ಹಾಕಿ ಕುತ್ತಿಗೆಯ ಬಿಲ್ಲೆಯನ್ನು ಎಳೆದು, ಬಹುಮಾನ ತೋರಿಸುವ ಹಾಗೆ ಏಜೆಂಟನ ಮೂಗಿನ ಮುಂದೆ ಹಿಡಿದು, ನನಗೆ ಸಕ್ಕರೆ ಕಾಯಿಲೆ ಇದೆ, ಊಟಕ್ಕೆ ಮುಂಚೆ ಅಮ್ಮ ಸೂಜಿ ಹಾಕ್ತಾಳೆ, ನಾನು ಬೆವೆತು ಏನೇನೋ ಮಾತಾಡಿದ್ರೆ ತಕ್ಷಣ ಸಕ್ಕರೆ ಕೊಡಿ, ಸೂಜಿ ಹಾಕಬೇಡಿ, ಅಮ್ಮಂಗೆ ಫೋನ್ ಮಾಡಿ, ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಿತು, ಒಂದು ಮಾತೂ ತಪ್ಪಲಿಲ್ಲ, ತಪ್ಪುವುದೆಲ್ಲಿ, ಬಾಯಿಪಾಠ ಮಾಡಿಸಿದವಳು ಅವಳೇ ಅಲ್ಲವೇ.

ಮಾಡಿಸದೆ ಇನ್ನೇನು, ಅವತ್ತು ತರಗತಿಯಲ್ಲಿ ಮಗು ಡೆಸ್ಕಿಗೆ ತಲೆಯಿಟ್ಟು ಬಿದ್ದಿದ್ದರೆ ಟೀಚರಮ್ಮ ಪಾಪ ನಿದ್ದೆ ಮಾಡಲಿ ಎಂದು ಬಿಟ್ಟಿದ್ದರಂತೆ, ನಿದ್ದೆ, ಅವಳು ಹೋಗಿ ಎತ್ತಿಕೊಂಡಾಗ ಬೆವರಿಗೆ ಅಂಗಿಯೆಲ್ಲ ತೊಪ್ಪೆ, ಕಣ್ಣಗುಡ್ಡೆ ಮೇಲೆ, ಇನ್ನರ್ಧ ಗಂಟೆ ಅವರ ಕರುಣೆ ಹಾಗೇ ಮುಂದುವರಿದಿದ್ದರೆ — ಅವತ್ತೇ ಕಾಯಿಲೆಯ ಹೆಸರೂ ತನ್ನ ಫೋನ್ ನಂಬರೂ ಕೊರೆಸಿ ಬಿಲ್ಲೆ ಮಾಡಿಸಿದ್ದು, ಮೊದಲು ಬಿಲ್ಲೆ ಹಿಡಿದುಕೊ, ಆಮೇಲೆ ಮಾತು ಶುರು ಮಾಡು, ಬಸ್ಸಿನ ಡ್ರೈವರಿಗೆ ಹೇಳು, ಆಯಾಗೆ ಹೇಳು, ಹೊಸಬರು ಯಾರು ಸಿಕ್ಕರೂ ಮೊದಲು ಅದನ್ನೇ ಹೇಳು, ನಾಚಿಕೆ ಯಾತಕ್ಕೆ, ಕದ್ದಿದ್ದಲ್ಲವಲ್ಲ, ಎಂದೆಲ್ಲ ಕೂರಿಸಿ ನಿಲ್ಲಿಸಿ ಕಲಿಸಿದ್ದು. ಏಜೆಂಟನ ಪೆನ್ನು ಅಲ್ಲೇ ನಿಂತಿತು. ಅಯ್ಯೋ ಮೇಡಂ, ಇದನ್ನ ಬರೆದರೆ ಈ ಕಾಯಿಲೆ, ಇದರಿಂದ ಬರೋ ತೊಂದರೆ, ಎಲ್ಲ ಬಿಟ್ಟು ಮಿಕ್ಕಿದ್ದಕ್ಕೆ ಮಾತ್ರ ಪಾಲಿಸಿ ಕೊಡ್ತಾರೆ, ಅಂಥ ಅರೆಬರೆ ಪಾಲಿಸಿಗೆ ಮಗುವಿನ ವೀಸಾ ಆಗಲ್ಲ, ನಿಮ್ಮೊಬ್ಬರದ್ದು ಆಗುತ್ತೆ ಅಂದ, ಕಣ್ಣು, ಮೂತ್ರಪಿಂಡ, ಹೃದಯ, ಕಾಲು, ಎಲ್ಲ ಬಿಟ್ಟ ಮೇಲೆ ಮಿಕ್ಕುವುದೇನು, ಕೂದಲೂ ಉಗುರೂ, ಅವೆರಡಕ್ಕೆ ವಿಮೆ ಮಾಡುತ್ತಾರೋ ಪುಣ್ಯಾತ್ಮರು, ಕಾಯಿಲೆ ಇಲ್ಲದವರ ಕಾಯಿಲೆಗೆ ಮಾತ್ರ ಔಷಧಿ, ಇದನ್ನು ಯಾವನು ಕೂತು ಯೋಚಿಸಿದ, ಅವನ ಮನೆಯಲ್ಲಿ ಮಕ್ಕಳಿಲ್ಲವೇ, ಅವಳ ಕೆಲಸದ ಮೇಜಿನ ಮೇಲೆ ಹಲ್ಲಿನ ಸೆಟ್ ಕೂರಿಸಲು ಅಚ್ಚೆರೆದ ಗಾರೆಯ ದವಡೆಗಳು ಸಾಲಾಗಿ ಕೂತಿರುತ್ತವೆ, ಬಣ್ಣದ ಕಾಗದ ಕಚ್ಚಿಸಿ ಮೇಲಿನದೂ ಕೆಳಗಿನದೂ ಸರಿಯಾಗಿ ಕೂಡುತ್ತದೆಯೇ ಎಂದು ನೋಡದೆ ಒಂದು ಹಲ್ಲನ್ನೂ ಅವಳು ಕಳಿಸಿದ್ದಿಲ್ಲ, ಇವರು ಮಗುವಿನಿಂದ ಕಾಯಿಲೆಯನ್ನು ಬಿಡಿಸಿ ಪಕ್ಕಕ್ಕಿಡುತ್ತಾರಂತೆ. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದರೆ ಅವಳದ್ದೊಂದು ಕಣ್ಣೊರೆಸುವ ಮಾತು, ನನ್ನ ಹತ್ರ ಬಿಟ್ಟು ಹೋಗೇ, ನಿನ್ನ ಮಗಳು ನನ್ನ ಮಗಳಲ್ವಾ, ಸೂಜಿ ಕಂಡ್ರೆ ಮಾತ್ರ ನಂಗೆ ಕೈ ನಡುಗುತ್ತೆ, ಅದೊಂದಕ್ಕೆ ಯಾರನ್ನಾದ್ರೂ ಗೊತ್ತು ಮಾಡೋಣ — ಅದೊಂದಕ್ಕೆ, ಅದೊಂದೇ ತಾನೇ ಕಣೇ ಅಕ್ಕ ಇರುವುದು, ಮಿಕ್ಕಿದ್ದೆಲ್ಲ ಗುಬ್ಬಚ್ಚಿಯೂ ನೋಡಿಕೊಂಡೀತು, ಇನ್ನು ಇವಳಪ್ಪ, ಹೊಸ ಸಂಸಾರದಲ್ಲಿ ಮುಳುಗಿದವನು, ಮಗಳು ದೇಶ ಬಿಡಲು ಅಭ್ಯಂತರವಿಲ್ಲ ಎಂದು ಕೇಳಿದ ದಿನವೇ ಸಹಿ ಹಾಕಿ ಕಳಿಸಿದ, ಜನ್ಮದಲ್ಲಿ ಒಂದು ಕೆಲಸ ಹೊತ್ತಿಗೆ ಸರಿಯಾಗಿ ಮಾಡಿದ.

ಅವಳು ಫೋನ್ ಇಟ್ಟ ಮೇಲೆ ಏಜೆಂಟ್ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿ, ನಾನು ಏನೂ ಕೇಳಿಸ್ಕೊಂಡಿಲ್ಲ ಮೇಡಂ, ಮಕ್ಕಳಿಗೆ ರಕ್ತ ಗಿಕ್ತ ತೆಗೆಯೋಲ್ಲ, ವಿಮೆ ಕಂಪನಿ ಡಾಕ್ಟರು ತೂಕ ನೋಡಿ ಒಂದು ಮಾತು ಕೇಳ್ತಾರೆ, ಮಗು ಬಾಯಿ ಬಿಡದಿದ್ದರೆ ಸಾಕು, ಅಲ್ಲಿಗೆ ಹೋಗಿ ಒಂದಷ್ಟು ತಿಂಗಳಾದ ಮೇಲೆ ಹೊಸದಾಗಿ ಬಂತು ಅಂತ ತೋರಿಸಿ, ಎಲ್ಲರೂ ಮಾಡೋದೇ, ಅಂದಿದ್ದ, ಮುಖಕ್ಕೆ ಉಗಿಯಬೇಕಿತ್ತು, ಹೂಂ ಅಂದಳು. ಈಗ ಡಾಕ್ಟರ ಬಾಗಿಲೊಳಗೆ ಯಾರೋ ಕೆಮ್ಮುತ್ತಿದ್ದಾರೆ, ಮುಂದಿನ ಸರದಿ ತಮ್ಮದು, ಬಗ್ಗಿ ಮಗಳ ಕಿವಿಗೆ, ನೋಡು ಕಂದ, ಡಾಕ್ಟರ್ ಕೇಳಿದ್ರೆ ಇವತ್ತೊಂದಿನ ಅದನ್ನ ಹೇಳಬೇಡ, ಯಾವುದನ್ನಮ್ಮ, ಅದೇ, ಕಾಯಿಲೆದು, ಎಲ್ರಿಗೂ ಹೇಳಬೇಕು ಅಂದಿದ್ಯಲ್ಲ, ಇವತ್ತೊಂದಿನ ಬೇಡ, ಕಾಲು ಆಡುವುದು ನಿಂತಿತು, ಬೆವರು ಬಂದ್ರೂ ಹೇಳಬಾರ್ದಾ — ಅವಳು ಮಗಳ ಕುತ್ತಿಗೆಯ ಸರದ ಕೊಂಡಿ ಬಿಚ್ಚಿದಳು, ಮಗುವಿನ ಮೈಬಿಸಿ ಇನ್ನೂ ಆರದ ಬಿಲ್ಲೆಯನ್ನು ತನ್ನ ಮುಷ್ಟಿಯೊಳಗೆ ಅಡಗಿಸಿದಳು, ಏಜೆಂಟ್ ಅದನ್ನು ನೋಡಿ ಜಾಣೆ ಅನ್ನುವ ಹಾಗೆ ತಲೆಯಾಡಿಸಿದ, ಎಲ್ಲಕ್ಕಿಂತ ಮೈ ಉರಿದದ್ದು ಅದಕ್ಕೆ, ಅವನಿಂದ ಶಭಾಷ್ ಅನ್ನಿಸಿಕೊಳ್ಳುವಷ್ಟು ಕೆಳಗಿಳಿದೆನಲ್ಲ. ಬಾಗಿಲು ತೆರೆಯಿತು. ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದ ಡಾಕ್ಟರಮ್ಮ, ಒಳ್ಳೆಯ ಮುಖ, ಕೆಟ್ಟ ಮುಖವಾದರೂ ಇರಬಾರದಿತ್ತೇ, ತೂಕದ ಯಂತ್ರದ ಮೇಲೆ ನಿಲ್ಲಿಸಿ ಕೆನ್ನೆ ತಟ್ಟಿ, ಹೇಳು ಪುಟ್ಟಿ, ಏನಾದ್ರೂ ಕಾಯಿಲೆ ಇದ್ಯಾ ನಿಂಗೆ, ಎಂದು ಕೇಳಿದ್ದೇ ತಡ ಮಗುವಿನ ಕೈ ತನ್ನಷ್ಟಕ್ಕೆ ಮೇಲೆದ್ದಿತು, ಹೇಳಬಾರದು ಎನ್ನುವುದು ಮಗುವಿಗೆ ನೆನಪಿದೆ, ಕೈಗೆ ನೆನಪಿಲ್ಲ, ಕೈಗೆ ಕಲಿಸಿದ್ದು ಒಂದೇ ಪಾಠ, ಬೆರಳು ಕಾಲರಿನೊಳಗೆ ಹೋಗಿ ತಡಕಿತು, ಸಿಗಲಿಲ್ಲ, ಆ ಕಡೆ ತಡಕಿತು, ಬಿಲ್ಲೆ ಸಿಗದೆ ಮಾತು ಶುರುವಾಗುವುದಿಲ್ಲ, ಮಗು ಅಮ್ಮನ ಮುಖ ನೋಡುತ್ತಿದೆ, ಡಾಕ್ಟರಮ್ಮ ಮತ್ತೆ ಕೇಳುತ್ತಿದ್ದಾರೆ, ಬಿಲ್ಲೆಯ ಅಂಚು ಅಂಗೈಯನ್ನು ಕೊರೆಯುತ್ತಿದೆ, ಮುಷ್ಟಿ ಬಿಚ್ಚಿದರೆ ವೀಸಾ ಹೋಯಿತು, ಬಿಚ್ಚದಿದ್ದರೆ — ಬಿಚ್ಚದಿದ್ದರೆ — ಕಾಲರಿನೊಳಗೆ ತಡಕುವ ಬೆರಳು, ಬರಿಯ ಕುತ್ತಿಗೆ, ತಡಕುವ ಬೆರಳು