ಎಡಗಾಲಿನ ಬೂಟು

"ಬೂಟು ಬೇಡ ಮೇಡಂ," ಎಂದ ಜೀಗ್ಲರ್. ಊರಿನ ಶವಸಂಸ್ಕಾರವೆಲ್ಲ ಅವನದೇ ಉಸ್ತುವಾರಿ. "ಪೆಟ್ಟಿಗೆ ಮುಚ್ಚಳ ಎರಡು ಭಾಗ. ಮೇಲಿನದಷ್ಟೇ ತೆಗೆದಿಡ್ತೀವಿ. ಸೊಂಟದಿಂದ ಕೆಳಗೆ ಯಾರಿಗೂ ಕಾಣಲ್ಲ. ಎಷ್ಟೋ ಜನರನ್ನ ಬರೀ ಕಾಲುಚೀಲದಲ್ಲೇ ಕಳಿಸಿದೀವಿ."

ವರ್ನಾ ತೀರಿಹೋದ ಗಂಡನ ಎಡಗಾಲಿನ ಬೂಟಿಗೆ ಪಾಲಿಶ್ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಕಾಣಲಿ ಬಿಡಲಿ, ಹಾಕಿ," ಎಂದಳು. ಜೀಗ್ಲರ್ ಬಲಗಾಲಿನ ಬೂಟು ಕೈಗೆತ್ತಿಕೊಂಡ.

ಹತ್ತು ಗಂಟೆಗೆ ಜನ ಬರತೊಡಗಿದರು. ಅವಳ ಗಂಡ ಡೆಲ್ಬರ್ಟ್ ಮೂವತ್ತೊಂದು ವರ್ಷ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿದವನು. ಗ್ಯಾರೇಜಿನವರು ಬಂದರು, ಚರ್ಚಿನವರು ಬಂದರು. ಆಮೇಲೆ ನೀಲಿ ಉಣ್ಣೆ ಕೋಟಿನ ಹನ್ನೆರಡು ಜನ ಸಾಲಾಗಿ ಬಂದರು. ನೂರೈವತ್ತು ವರ್ಷದ ಹಿಂದಿನ ಅಮೆರಿಕದ ಅಂತರ್ಯುದ್ಧವನ್ನು ಸಿಪಾಯಿ ವೇಷ ಹಾಕಿ ಹೊಲದಲ್ಲಿ ಮತ್ತೆ ಆಡಿ ತೋರಿಸುವ ಡೆಲ್ಬರ್ಟನ ದಂಡು ಅದು. ಆಗಸ್ಟ್ ಸೆಕೆಗೆ ಎಲ್ಲರೂ ಬೆವರಿ ತೊಪ್ಪೆಯಾಗಿದ್ದರು. ಅವರ ಮುಂದಾಳು ಮೆರ್ವಿನ್ ವರ್ನಾಳ ಕೈ ಹಿಡಿದುಕೊಂಡ.

ಹಿಂದಿನ ಕುರ್ಚಿಯಲ್ಲಿ ಯಾರೋ ಪಿಸುಗುಟ್ಟಿದರು. "ಎಲ್ಲಿ ಪ್ರಾಣ ಹೋಯ್ತಂತೆ?"

"ಹಿತ್ತಲಲ್ಲಿ, ಮೇಪಲ್ ಮರದ ಕೆಳಗೆ."

"ನೋಡಪ್ಪಾ, ನೆರಳು ನೋಡ್ಕೊಂಡೇ ಸತ್ತಿದಾನೆ ಆಸಾಮಿ!"

ಮೆಲ್ಲಗೆ ನಕ್ಕರು. ಪ್ರೀತಿಯ ನಗೆಯೇ. ಆದರೂ ವರ್ನಾ ಮೆರ್ವಿನನ ಹಿಡಿತದಿಂದ ಕೈ ಬಿಡಿಸಿಕೊಂಡಳು.

*

ಡೆಲ್ಬರ್ಟ್ ಯುದ್ಧದಾಟದ ಈ ಹುಚ್ಚಿಗೆ ಬಿದ್ದದ್ದು ಐವತ್ತೆರಡನೇ ವಯಸ್ಸಿನಲ್ಲಿ. ಮೊದಲ ಸಲ ಎಲ್ಲವೂ ಎರವಲು. ಕೋಟು ದೊಡ್ಡದು, ಪ್ಯಾಂಟು ಗಿಡ್ಡ, ಟೋಪಿ ಕಣ್ಣಿನ ಮೇಲೆ. ಬೂಟು ಮಾತ್ರ ಸ್ವಂತದ್ದು, ಹಟ ಹಿಡಿದು ಕೊಂಡದ್ದು.

"ಹೊಸಬರಿಗೆ ನಾನು ಹೇಳಿಕೊಡೋದು ಇಷ್ಟೇ," ಎಂದಿದ್ದ ಮೆರ್ವಿನ್. "ಬಂದೂಕು ಆಮೇಲೆ ಕಲಿಬಹುದು. ಮೊದಲು ಸಾಯೋದು ಕಲಿ. ಬಿಸಿಲಲ್ಲಿ ಬಿದ್ರೆ ಅರ್ಧ ಗಂಟೆ ಬೇಯ್ತೀಯ. ನೆರಳು ನೋಡ್ಕೊಂಡು ಸಾಯಿ. ಕೊನೇಲಿ ನಾನು ಕೂಗಿದಾಗ ಎದ್ದರಾಯ್ತು."

ಇದನ್ನೆಲ್ಲ ವರ್ನಾಳಿಗೆ ಯಾರೂ ಹೇಳಿರಲಿಲ್ಲ. ನೋಡುಗರಿಗೆಂದು ಕಟ್ಟಿದ ಹಗ್ಗದಾಚೆ ನಿಂಬೆ ಪಾನಕ ಹಿಡಿದು ನಿಂತಿದ್ದಳು. ಗುಂಡಿನ ಸದ್ದಾಯಿತು, ಹೊಗೆ ಎದ್ದಿತು, ಗಂಡ ಎದೆ ಹಿಡಿದು ಓಕ್ ಮರದ ಬುಡಕ್ಕೆ ಕುಸಿದ. ಪಾನಕ ಬಿಸಾಕಿ, ಹಗ್ಗ ದಾಟಿ ಓಡಿದಳು. ಇನ್ನೂರು ಜನರ ಮುಂದೆ ಅವನ ಭುಜ ಹಿಡಿದು ಅಲ್ಲಾಡಿಸಿದಳು.

ಅವನು ಕಣ್ಣು ಬಿಡದೆ ಗೊಣಗಿದ: "ಇನ್ನೂ ಹದಿನೈದು ನಿಮಿಷ ಸತ್ತಿರಬೇಕು ಕಣೆ. ಹೋಗೇ ಮಾರಾಯ್ತಿ!"

ಮೆರ್ವಿನ್ "ಸತ್ತವರೆಲ್ಲ ಏಳ್ರಪ್ಪಾ!" ಎಂದು ಕೂಗಿದಾಗ ಹೆಣಗಳೆಲ್ಲ ಹುಲ್ಲು ಕೊಡವಿಕೊಂಡು ಎದ್ದವು. ಡೆಲ್ಬರ್ಟ್ ಹಲ್ಲು ಕಿರಿದುಕೊಂಡು ಬಂದ. ವರ್ನಾ ಮೂರು ದಿನ ಅವನೊಡನೆ ಮಾತಾಡಲಿಲ್ಲ.

ನಾಲ್ಕನೇ ದಿನ ಅವನೇ ರಾಜಿಗೆ ಬಂದ. "ಇನ್ಮೇಲೆ ಬಿದ್ದ ಕೂಡಲೇ ಎಡಗಾಲಿನ ಬೂಟು ಅಲ್ಲಾಡಿಸ್ತೀನಿ. ನಿನಗೆ ಮಾತ್ರ. ಬದುಕಿದೀನಿ ಅಂತ ತಿಳ್ಕೋ."

ಹತ್ತೊಂಬತ್ತು ವರ್ಷ ಅಲ್ಲಾಡಿಸಿದ. ಒಂದು ಸಲವೂ ಮರೆಯಲಿಲ್ಲ.

*

ಚರ್ಚಿನವರ ಪ್ರಾರ್ಥನೆ ಮುಗಿಯಿತು. ಜೀಗ್ಲರ್ ಮುಚ್ಚಳ ಹಾಕಲು ಬಂದಾಗ ವರ್ನಾ ಮೆರ್ವಿನನ ತೋಳು ಹಿಡಿದಳು.

"ನಾನು ನೋಡಿದ್ದೆ, ಮೆರ್ವಿನ್."

"ಏನನ್ನ?"

"ಮಂಗಳವಾರ. ಸಿಂಕಿನ ಹತ್ರ ಪೀಚ್ ಹಣ್ಣಿನ ಸಿಪ್ಪೆ ಸುಲೀತಿದ್ದೆ. ಕಿಟಕಿಯಿಂದ ನೋಡಿದ್ರೆ ಮರದ ಕೆಳಗೆ ಬಿದ್ದಿದ್ದ, ಬೂಟು ಹಾಕ್ಕೊಂಡು. ಶನಿವಾರದ ಆಟಕ್ಕೆ ಸಾಯೋದು ಅಭ್ಯಾಸ ಮಾಡ್ತಿದಾನೆ ಮುದುಕ ಅಂತ ನಕ್ಕೆ. ನಕ್ಕು, ಬುಟ್ಟಿಯಷ್ಟೂ ಹಣ್ಣು ಸುಲಿದೆ. ನಲವತ್ತು ನಿಮಿಷ."

"ಒಂದೇ ಏಟಿಗೆ ಪ್ರಾಣ ಹೋಯ್ತು ಅಂತ ಡಾಕ್ಟರ್ ಹೇಳಿದ್ರಲ್ಲ ವರ್ನಾ."

"ಡಾಕ್ಟರ್ ಏನು ನನ್ನ ಕಿಟಕಿ ಹತ್ರ ನಿಂತಿದ್ರಾ? ಬೂಟು ಅಲ್ಲಾಡ್ತಿದೆಯಾ ಅಂತ ಒಂದ್ಸಲ ನೋಡಿದ್ರೆ ಸಾಕಿತ್ತು. ಓಡ್ತಿದ್ದೆ. ಅವತ್ತೊಂದು ದಿನ ನೋಡಲಿಲ್ಲ ಕಣೋ."

ಮೆರ್ವಿನನಿಗೆ ಬೂಟಿನ ಗುಟ್ಟು ಗೊತ್ತಿರಲಿಲ್ಲ. ಈಗ ಅರ್ಥವಾಯಿತು. ಪೆಟ್ಟಿಗೆಯ ಕೆಳಗಿನ ಮುಚ್ಚಳದ ಕಡೆ ನೋಡಿದ.

ವರ್ನಾ ಜೀಗ್ಲರ್ ಕಡೆ ತಿರುಗಿದಳು. "ಕೆಳಗಿನ ಮುಚ್ಚಳ ತೆಗೀರಿ."

"ಮೇಡಂ, ಅದನ್ನ ಸಾಮಾನ್ಯವಾಗಿ..."

"ತೆಗೀರಿ ಅಂದೆ."

ತೆಗೆದರು. ಬಿಳಿ ಬಟ್ಟೆಯ ಮೇಲೆ ಎರಡು ಕರಿ ಬೂಟು ಜೋಡಿಸಿಟ್ಟ ಹಾಗೆ ನಿಂತಿದ್ದವು. ಅವಳು ಬೆಳಿಗ್ಗೆ ಹಚ್ಚಿದ ಪಾಲಿಶ್ ಮಿನುಗುತ್ತಿತ್ತು.

"ಮೆರ್ವಿನ್, ಕೂಗು."

"ವರ್ನಾ, ಬೇಡ ಕಣೆ."

"ಹತ್ತೊಂಬತ್ತು ವರ್ಷ ಕೂಗಿದೀಯ. ಇವತ್ತೊಂದಿನ ನನಗೋಸ್ಕರ ಕೂಗು."

ಮೆರ್ವಿನ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಒಡಕು ದನಿಯಲ್ಲಿ ಕೂಗಿದ: "ಸತ್ತವರೆಲ್ಲ ಏಳ್ರಪ್ಪಾ..."

ಹಿಂದಿನ ಸಾಲಿನಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಕೇಳಿ ಕೇಳಿ ಅಭ್ಯಾಸವಾದ ಕೂಗು, ನೀಲಿ ಕೋಟಿನವರೆಲ್ಲ ಎದ್ದು ನಿಂತಿದ್ದರು. ವರ್ನಾ ತಿರುಗಿ ನೋಡಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದು, ಎಡಗಾಲಿನ ಬೂಟನ್ನೇ ನೋಡುತ್ತಿದ್ದಳು.