ಪಿಳ್ಳಮ್ಮನ ಫೋಟೋಕ್ಕೆ ಯಾವ ಲೆನ್ಸು

ಪಿಳ್ಳಮ್ಮನ ತಲೆ ಅಲ್ಲಾಡತೊಡಗಿ ವರ್ಷಗಳೇ ಆಗಿದ್ದವು. ಯಾರು ಏನು ಕೇಳಿದರೂ ಬೇಡ ಬೇಡ ಎಂದಂತೆ ಕಾಣುತ್ತಿತ್ತು. ಹೊಸಬರು ಪಾಯಸ ಬಡಿಸುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಮುದುಕಿ "ಹಾಕ್ರೋ, ಹಾಕ್ರೋ" ಎಂದು ಬಾಯಿಬಿಟ್ಟು ಕೇಳಬೇಕಾಗುತ್ತಿತ್ತು. ಹಿರಿಸೊಸೆ ದ್ರೌಪದಮ್ಮನಿಗೆ ಮಾತ್ರ ಅದೊಂದು ತೊಂದರೆಯೇ ಅಲ್ಲ. ದಿನಾ ಬೆಳಿಗ್ಗೆ ಅತ್ತೆಯ ಹಿಂದೆ ಕೂತು, ಆ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಕೆನ್ನೆಗೆ ಕೈ ಕೊಟ್ಟು ರಾಗಿ ಗಂಜಿ ಕುಡಿಸುತ್ತಿದ್ದಳು. ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ.

ಅಂದು ಪಿಳ್ಳಮ್ಮನ ಮರಿಮಗನಿಗೆ ಹೆಸರಿಡುವ ದಿನ. ಗವಿಪುರದ ಆ ಮನೆಯ ನಡುಮನೆಯಲ್ಲಿ ಮನೆಮಂದಿಯಷ್ಟೇ ಸೇರಿದ್ದರು. ದ್ರೌಪದಮ್ಮ ಗಂಡನ ಬೆನ್ನುಬಿದ್ದು ನಗರ್ತಪೇಟೆಯಿಂದ ಫೋಟೋ ತೆಗೆಯುವ ವರದರಾಜಯ್ಯನವರನ್ನು ಕರೆಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಅತ್ತೆಯ ಮುಖ. ಪ್ಲೇಗಿನ ವರ್ಷ ತೀರಿಕೊಂಡ ಮಾವ ಹೇಗಿದ್ದರು ಎಂದು ಮಕ್ಕಳು ಕೇಳಿದರೆ ತೋರಿಸಲು ಏನೂ ಇರಲಿಲ್ಲ. ತಾಯಿಯನ್ನು ಕಾಣದೆ ಬೆಳೆದು, ಎಳೆಯ ವಯಸ್ಸಿಗೇ ಈ ಮನೆ ಸೇರಿದವಳಿಗೆ ಜಡೆ ಹೆಣೆದುಕೊಳ್ಳಲು ಕಲಿಸಿದ್ದೇ ಈ ಅತ್ತೆ. ಈ ಮುಖವೂ ಹಾಗೇ ಹೋಗಿಬಿಟ್ಟರೆ ತನ್ನಿಂದ ತಡೆಯಲಾಗದು ಎಂದು ಅವಳಿಗೆ ಅನ್ನಿಸಿತ್ತು.

ಹೊರಗೆ ಸೋನೆ ಹಿಡಿದಿತ್ತು. ವರದರಾಜಯ್ಯ ಬೆಳಕಿಂಡಿಯತ್ತ ಒಮ್ಮೆ, ಮುದುಕಿಯತ್ತ ಒಮ್ಮೆ ನೋಡಿ ಪೆಟ್ಟಿಗೆಯಿಂದ ಎರಡು ಲೆನ್ಸು ತೆಗೆದರು.

"ನೋಡಿ ಅಮ್ಮಾ, ಈ ದಪ್ಪದ್ದು ಬೆಳಕನ್ನ ಗಟಗಟ ಕುಡಿಯುತ್ತೆ. ಒಂದು ಉಸಿರಲ್ಲಿ ಕೆಲಸ ಮುಗೀತು, ಅಜ್ಜಿ ಮುಖ ಚೆನ್ನಾಗೇ ಬರುತ್ತೆ. ಆದ್ರೆ ಇಬ್ರು ಮೂವರಿಗಿಂತ ಜಾಸ್ತಿ ಹಿಡಿಯಲ್ಲ. ಈ ಸಣ್ಣದು ಗೋಡೆಯಿಂದ ಗೋಡೆಗೆ ಎಲ್ಲಾರ್ನೂ ಹಿಡಿಯುತ್ತೆ, ಆದ್ರೆ ಬಲು ನಿಧಾನ. ಹತ್ತು ಎಣಿಸೋವರೆಗೂ ಕಲ್ಲಿನ ಹಾಗೆ ಕೂತಿರ್ಬೇಕು. ಅಲ್ಲಾಡಿದ ಮುಖ ಹೊಗೆ ಆಗ್ಬಿಡುತ್ತೆ."

"ಮದ್ದು ಸುಟ್ಟು ಬೆಳಕು ಮಾಡ್ತಾರಂತಲ್ಲಾ?" ಎಂದ ದ್ರೌಪದಮ್ಮನ ಗಂಡ ಅಶ್ವತ್ಥಪ್ಪ.

"ಈ ತಗ್ಗು ಸೂರಿನ ಕೆಳಗೆ ಬೇಡ ಸ್ವಾಮಿ. ಕೂಸು ಬೆಚ್ಚಿಬೀಳುತ್ತೆ."

"ದಪ್ಪದ್ದೇ ಹಾಕಿ" ಎಂದಳು ದ್ರೌಪದಮ್ಮ, ಹಿಂದೆಮುಂದೆ ನೋಡದೆ. "ಅತ್ತೆ, ಕೂಸು, ಅಷ್ಟೇ ಸಾಕು. ನಾವೆಲ್ಲ ಆಚೆ ಸರಿಯೋಣ."

ಮೈದುನ ವೆಂಕಟರಾಮಪ್ಪನ ಮುಖ ಇಳಿಯಿತು. ಬೆಳಗಿನಿಂದ ರುಮಾಲು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿ ಕೈ ಸೋತಿತ್ತು, ಪಾಪ. ಆದರೂ ಮೊದಲು ಎದ್ದವನು ಅವನೇ. ಅವನ ಹಿಂದೆ ಹೆಂಗಸರು, ಮಕ್ಕಳು ಒಬ್ಬೊಬ್ಬರಾಗಿ ಸರಿದರು. ಚಾಪೆಯ ಮೇಲೆ ಮುದುಕಿ, ಅವಳ ಮಡಿಲಲ್ಲಿ ನಿದ್ದೆಹೋದ ಕೂಸು, ಇಷ್ಟೇ ಉಳಿಯಿತು.

ಪಿಳ್ಳಮ್ಮ ಸುತ್ತ ನೋಡಿದಳು. "ಎಲ್ಲೋದ್ರೇ ಎಲ್ಲಾ?"

"ನಿಮ್ಮ ಮುಖ ಚೆನ್ನಾಗಿ ಬರ್ಲಿ ಅಂತ, ಅತ್ತೆ."

"ನನ್ನ ಮುಖ ಕಟ್ಕೊಂಡು ಏನ್ ಮಾಡ್ತೀಯೇ? ಖಾಲಿ ಮನೇಲಿ ಕೂತಿರೋ ಮುದುಕಿ ಅಂತಾರೆ ನೋಡಿದೋರು. ನಾನು ಹೊಗೆ ಆದ್ರೂ ಆಗ್ಲಿ, ನನ್ನ ಮಕ್ಳು ಸುತ್ತ ಇರ್ಬೇಕು. ಆ ಸಣ್ಣದನ್ನೇ ಹಾಕಪ್ಪಾ." ತಲೆ ಬೇಡ ಬೇಡ ಎನ್ನುತ್ತಲೇ ಇತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

ದ್ರೌಪದಮ್ಮನಿಗೆ ಅಳು ಒತ್ತರಿಸಿ ಬಂತು. ಅತ್ತೆಯ ಮಾತು ಮೀರುವ ಹಾಗಿಲ್ಲ, ಆ ಮುಖ ಬಿಟ್ಟುಕೊಡಲೂ ಮನಸ್ಸಿಲ್ಲ. ವರದರಾಜಯ್ಯ ಸಣ್ಣ ಲೆನ್ಸನ್ನು ತಿರುಗಿಸಿ ಕೂರಿಸಿದರು. ಎಲ್ಲರೂ ಮತ್ತೆ ಬಂದು ಕೂತರು, ವೆಂಕಟರಾಮಪ್ಪ ಎಲ್ಲರಿಗಿಂತ ಬೇಗ. "ಉಸಿರು ಹಿಡೀರಿ" ಎಂದು ವರದರಾಜಯ್ಯ ಲೆನ್ಸಿನ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ದ್ರೌಪದಮ್ಮ "ಒಂದ್ನಿಮಿಷ ತಾಳಿ" ಎಂದು ತನ್ನ ಜಾಗ ಬಿಟ್ಟು ಎದ್ದಳು. ಅತ್ತೆಯ ಬೆನ್ನ ಹಿಂದೆ ಮಂಡಿಯೂರಿ, ಗಂಜಿ ಕುಡಿಸುವಾಗಿನಂತೆ ಆ ತಲೆಯನ್ನು ಎದೆಗೆ ಒರಗಿಸಿಕೊಂಡು ಕೆನ್ನೆಗೆ ಕೈ ಕೊಟ್ಟಳು. ಇನ್ನೂ ಬಿಗಿಯಾಗಲೆಂದು ಅತ್ತೆಯ ನರೆಗೂದಲಿಗೆ ತನ್ನ ಮುಖವನ್ನೇ ಒತ್ತಿದಳು.

"ಅಮ್ಮಾ, ಸ್ವಲ್ಪ ತಲೆ ಎತ್ತಿ. ನಿಮ್ಮ ಮುಖ ಕಾಣ್ತಿಲ್ಲ."

"ಎತ್ತಿದ್ರೆ ಇವರ ತಲೆ ಜಾರುತ್ತೆ. ನೀವು ತೆಗೀರಿ ಸ್ವಾಮಿ."

ವರದರಾಜಯ್ಯ ಮುಚ್ಚಳ ತೆಗೆದು, ಹತ್ತು ಎಣಿಸಿ, ಮತ್ತೆ ಹಾಕಿದರು.

ಮುಂದಿನ ವಾರ ಫೋಟೋ ಬಂತು. ಎಲ್ಲರೂ ಇದ್ದರು, ರುಮಾಲು ಸಮೇತ. ನಡುವೆ ಪಿಳ್ಳಮ್ಮನ ಮುಖ, ಒಂದೊಂದು ಸುಕ್ಕೂ ಕಾಣುವಷ್ಟು ಸ್ಪಷ್ಟ. ದ್ರೌಪದಮ್ಮ ಕಣ್ತುಂಬ ನೋಡಿದಳು. ತನ್ನ ಮುಖ ಅಲ್ಲಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಅತ್ತೆಗೆ. ಒಬ್ಬೊಬ್ಬರ ಮೇಲೂ ಬೆರಳಿಟ್ಟು ನೋಡಿ, "ನೀನೆಲ್ಲೇ?" ಎಂದಳು.

"ನಿಮ್ಮ ಹಿಂದೇನೇ ಇದೀನಲ್ಲ ಅತ್ತೆ. ಮುಖ ಕಾಣಲ್ಲ, ಬಿಡಿ."

ಪಿಳ್ಳಮ್ಮನ ಬೆರಳು ಫೋಟೋದಲ್ಲಿ ತನ್ನ ಕೆನ್ನೆಯ ಮೇಲಿದ್ದ ಕೈಯ ಹತ್ತಿರ ಬಂದು ನಿಂತಿತು. "ಕೂಸು ದೊಡ್ಡವನಾಗಿ ಇದು ಯಾರ ಕೈ ಅಂತ ಕೇಳಿದ್ರೆ ಏನ್ ಹೇಳ್ತೀಯಾ?"

"ಏನ್ ಹೇಳ್ಲಿ?"

"ಇದು ನಮ್ಮವ್ವನ ಕೈ ಅಂತ ನಿನ್ನ ಮುತ್ತಜ್ಜಿ ಹೇಳ್ತಿದ್ಲು, ಅನ್ನು."